ಕಬ್ಬು ಕಡಿಯುವ ಕೊಯ್ತಾ: ಕಂಬಾರರ ಕೈಕೆಳಗೆ ಕಲಿಯುವ ಬಗೆ

ದಸರೆಯ ಖಂಡೆಪೂಜೆ ಮುಗಿದು ದೀಪಾವಳಿ ಹತ್ತಿರ ಬಂದಿತೆಂದರೆ ಪಂಚಗಂಗೆ, ಹಿರಣ್ಯಕೇಶಿ ದಂಡೆಗಳ ನಮ್ಮ ಹಳ್ಳಿಗಳಲ್ಲಿ ಕಬ್ಬಿನ ಮಾತೇ ಮಾತು. ಯಾವ ಕಾರಖಾನೆಯ ಟೋಳಿ ಯಾವಾಗ ಬರುವದು, ಟನ್ನಿಗೆ ದರವೆಷ್ಟು ಸಿಗುವದು ಎಂಬ ವಿಚಾರವನ್ನು ಎಲ್ಲರೂ ಮಾಡುತ್ತಾರೆ. ಕಡಿಯುವ ಕೊಯ್ತಾದ ವಿಚಾರ ಮಾಡುವವರು ಮಾತ್ರ ಕಡಿಮೆ. ಬೀಡ ಜಿಲ್ಲೆಯ ಕಡೆಯಿಂದ ಪ್ರತಿ ವರ್ಷ ಕಬ್ಬು ಕಡಿಯಲು ಬರುವ ಗಂಡ-ಹೆಂಡತಿಯ ಜೋಡಿಯನ್ನು ಮುಕಾದಮರು 'ಒಂದು ಕೊಯ್ತಾ' ಎಂದೇ ಎಣಿಸುತ್ತಾರೆ. ಇಬ್ಬರು ಮನುಷ್ಯರ ದುಡಿಮೆಗೆ ಒಂದು ಹತಾರದ ಹೆಸರು ಬಂದಿರುವದನ್ನು ನೋಡಿದರೆ ಆ ಹತಾರದ ಬೆಲೆ ತಿಳಿಯುವದು.

ಕೊಯ್ತಾ ಚೆನ್ನಾಗಿರದಿದ್ದರೆ ಆಗುವ ಹಾನಿ ಕಡಿಯುವವನೊಬ್ಬನದಲ್ಲ, ಹೊಲದ ಒಡೆಯನದೂ ಅಹುದು. ಪಕ್ವವಾದ ಕಬ್ಬಿನಲ್ಲಿ ಸಕ್ಕರೆಯ ಅಂಶ ಬುಡದ ಗಣಿಕೆಗಳಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ. ಮೊಂಡ ಕೊಯ್ತಾದಿಂದ ನೆಲಕ್ಕೆ ಹತ್ತಿ ಕಡಿಯಲು ಬಾರದೆ ನಾಲ್ಕು ಬೆರಳು ಮೇಲೆ ಕಡಿದರೆ, ತೂಕವುಳ್ಳ ಭಾಗವೇ ಹೊಲದಲ್ಲಿ ಉಳಿಯುವದು. ಎರಡನೆಯದಾಗಿ, ಏಟು ಸರಿಯಾಗಿ ಬೀಳದೆ ಬುಡ ಸೀಳಿದರೆ ಅದರೊಳಗೆ ನೀರು ಇಳಿದು ಕೊಳೆಯಬಹುದು. ಕುಳೆ ಕಬ್ಬು, ಅಂದರೆ ಮರಾಠಿಯವರ ಖೋಡವಾ, ನೆಲದೊಳಗಿನ ಕಣ್ಣುಗಳಿಂದ ಚಿಗುರಿದರೆ ಬಲವಾಗಿ ಬರುತ್ತದೆ. ಮೇಲೆ ಉಳಿದ ಬುಡದಿಂದ ಚಿಗುರಿದ್ದು ಬೇರು ಹಿಡಿಯದೆ ಸೊರಗುತ್ತದೆ. ಹೀಗೆ ಒಂದು ಅಲಗಿನ ಹದ ತಪ್ಪಿದರೆ ಎರಡು ವರ್ಷದ ಬೆಳೆಗೆ ಪೆಟ್ಟು.

ಕಲಿಯುವದೇಕೆ?

ಹಿಂದೆ ಊರ ಕಂಬಾರನು ಆಯಗಾರರಲ್ಲಿ ಒಬ್ಬನಾಗಿದ್ದನು. ವರ್ಷವಿಡೀ ನಮ್ಮ ಕುಂಟೆ, ಕೂರಿಗೆ, ಕುಡಗೋಲುಗಳನ್ನು ನೋಡಿಕೊಳ್ಳುತ್ತಿದ್ದನು; ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಆಯದ ಕಾಳು ಒಯ್ಯುತ್ತಿದ್ದನು. ಆ ಕಟ್ಟು ಈಗ ಮುರಿದಿದೆ. ಕಂಬಾರರ ಮಕ್ಕಳು ಕೊಲ್ಹಾಪುರದ ಉದ್ಯಮನಗರದ ಕಾರಖಾನೆಗಳಿಗೆ, ಇಚಲಕರಂಜಿಯ ಮಗ್ಗದ ದುರಸ್ತಿ ಕೆಲಸಕ್ಕೆ ಹೋಗುತ್ತಿದ್ದಾರೆ. ತಿಂಗಳಿಗೆ ಗೊತ್ತಾದ ಪಗಾರ ಸಿಗುವಲ್ಲಿ ಹೋಗುವದು ತಪ್ಪಲ್ಲ. ಆದರೆ ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲಿಯೂ ಕುಲುಮೆಯ ಮುಂದೆ ಕುಳಿತವರಲ್ಲಿ ತಲೆ ನರೆತವರೇ ಹೆಚ್ಚು. ಬಣ್ಣ ನೋಡಿ ಹದ ಹಾಕುವ ಅವರ ಕಣ್ಣು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರು ಇರುವಾಗಲೇ ಊರಿಗೆ ಒಬ್ಬಿಬ್ಬರಾದರೂ ಒಕ್ಕಲಿಗರ ಹುಡುಗರು ಅದನ್ನು ಕಲಿತಿಟ್ಟುಕೊಂಡರೆ ಊರಿಗೆ ಉಪಕಾರ.

ಕಲಿಯಲು ಹೋಗುವವರು ಹೊತ್ತು ನೋಡಿ ಹೋಗಬೇಕು. ಮಿರಗದ ಮುಂಚೆ ಕಂಬಾರರಿಗೆ ತಲೆಯೆತ್ತಲು ಬಿಡುವಿಲ್ಲ. ಶ್ರಾವಣ-ಭಾದ್ರಪದದ ಜಡಿಮಳೆಯ ದಿನಗಳು ಒಳ್ಳೆಯವು. ಇದ್ದಿಲು ನಿಮ್ಮದಿರಲಿ, ಕಬ್ಬಿಣ ನಿಮ್ಮದಿರಲಿ, ಅವರ ದಿನದ ದುಡಿಮೆ ಕೆಟ್ಟರೆ ಅದನ್ನು ತುಂಬಿಕೊಡಿರಿ. ಮೊದಲ ದಿನವೇ ಸುತ್ತಿಗೆ ಕೈಗೆ ಬರುವದೆಂದು ಆಶಿಸಬೇಡಿರಿ. ತಿದಿ ಊದುವದು, ಈಗಿನ ಕಾಲದಲ್ಲಿ ಪಂಖಾ ತಿರುಗಿಸುವದು, ಮೊದಲ ಪಾಠ. ಬೆಂಕಿಯನ್ನು ನೋಡಲು ಕಲಿಯುವದು ಅಲ್ಲಿಯೇ. ಬಳಿಕ ಗುರುವಿನ ಸುತ್ತಿಗೆ ತೋರಿದ ಜಾಗಕ್ಕೆ ಘಣ ಹಾಕುವದು. ಆಮೇಲೆ ಒಂದು ಕುರ್ಪಿ, ಒಂದು ಕುಡಗೋಲು, ಕೊನೆಗೆ ಕೊಯ್ತಾ. "ಬಡಿಯೂದು ಆಮ್ಯಾಲೆ ತಮ್ಮಾ, ಮೊದಲ ನೋಡೂದು ಕಲಿ" ಎಂದು ಹಿರಿಯರು ಹೇಳುವದು ಸುಮ್ಮನೆ ಅಲ್ಲ. ಅವರು ಐರಣ ಎಂದರೂ ನಾವು ಅಡಿಗಲ್ಲು ಎಂದರೂ ವಸ್ತು ಒಂದೇ. ಮಾತು ತಿಳಿಯದಿದ್ದರೆ ನಾಚದೆ ಕೇಳಿರಿ.

ಯಾವ ಕಬ್ಬಿಣ?

ಕಬ್ಬಿಣಕ್ಕೆ ಗಡಸುತನ ಬರುವದು ಅದರಲ್ಲಿ ಬೆರೆತ ಇಂಗಾಲದಿಂದ. ಮನೆ ಕಟ್ಟುವ ಪಟ್ಟಿ, ಕೋನಗಳ ಮೆದು ಕಬ್ಬಿಣದಲ್ಲಿ ನೂರು ಪಾಲಿಗೆ ಕಾಲು ಪಾಲೂ ಇಂಗಾಲ ಇರುವದಿಲ್ಲ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಮೊನೆ ನಿಲ್ಲದು. ಬೀಡಿನಲ್ಲಿ, ಅಂದರೆ ಎರಕದ ಕಬ್ಬಿಣದಲ್ಲಿ, ಎರಡು ಪಾಲಿಗಿಂತ ಹೆಚ್ಚು ಇಂಗಾಲವಿರುವದರಿಂದ ಅದು ಕಾಯಿಸಿ ಬಡಿದರೆ ಪುಡಿಯಾಗುತ್ತದೆ. ಆದ್ದರಿಂದ ಉದ್ಯಮನಗರದ ಎರಕದ ತುಂಡುಗಳನ್ನಾಗಲಿ, ಹಳೆಯ ಮಗ್ಗದ ಚೌಕಟ್ಟಿನ ಚೂರುಗಳನ್ನಾಗಲಿ ಅಗ್ಗವೆಂದು ತರಬಾರದು. ಕೊಯ್ತಾಕ್ಕೆ ತಕ್ಕದ್ದು ಲಾರಿಯ ಕಮಾನ ಪಟ್ಟಿ. ಅದರಲ್ಲಿ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲವಿರುತ್ತದೆ. ಏಟು ತಾಳಿಕೊಳ್ಳುವ ಗುಣವೂ ಇರುತ್ತದೆ. ಭಂಗಾರ ಅಂಗಡಿಯಲ್ಲಿ ಆರಿಸುವಾಗ ಬಿರುಕಿಲ್ಲದ, ತುಕ್ಕು ಕುಳಿ ಕೊರೆಯದ, ಆದಷ್ಟು ತೆಳುವಾದ ಪಟ್ಟಿಯನ್ನು ಆರಿಸಿಕೊಳ್ಳಿರಿ.

ಸಂಶಯ ಬಂದರೆ ಎರಡು ಪರೀಕ್ಷೆಗಳಿವೆ. ಸಾಣೆಯ ಯಂತ್ರಕ್ಕೆ ಹಿಡಿದಾಗ ಮೆದು ಕಬ್ಬಿಣದ ಕಿಡಿ ಉದ್ದವಾಗಿ ಗೆರೆಯಂತೆ ಹಾರುತ್ತದೆ. ಉಕ್ಕಿನ ಕಿಡಿ ನಡುವೆಯೇ ಒಡೆದು ಕವಲಾಗುತ್ತದೆ. ಎರಡನೆಯದು, ಬೆರಳಗಲದ ಚೂರನ್ನು ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಹೊಡೆಯುವದು. ಬಾಗಿದರೆ ಕೆಲಸಕ್ಕೆ ಬಾರದು. ಪಟ್ಟನೆ ಮುರಿದರೆ ಉಕ್ಕು ಸರಿ. ಮುರಿದ ಜಾಗವನ್ನೂ ನೋಡಿರಿ. ಬೂದಿಬಣ್ಣದ ಸಣ್ಣ ಕಣವಿದ್ದರೆ ಕಾವು ಸರಿಯಿತ್ತು. ಸಕ್ಕರೆಯ ಹರಳಿನಂತೆ ದಪ್ಪಗೆ ಹೊಳೆದರೆ ಕಾವು ಮಿತಿ ಮೀರಿತ್ತು ಎಂದು ತಿಳಿಯಬೇಕು.

ಉಕ್ಕಿನ ವಿದ್ಯೆ ನಮಗೆ ಹೊಸತಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ಜನರು ಸಣ್ಣ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವದನ್ನು ಕಂಡು ಬರೆದಿಟ್ಟಿದ್ದಾನೆ. ಯುರೋಪಿನವರು ಈ ಉಕ್ಕನ್ನು 'ವೂಟ್ಸ್' ಎಂದು ಕರೆದರು. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಕಾಯಿಸಿ ಬಡಿಯುವದು

ಮೊದಲು, ಕೈಗೆ ಹಿಡಿದು ಪಳಗಿದ ಒಂದು ಹಳೆಯ ಕೊಯ್ತಾವನ್ನು ಹಲಗೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದುಕೊಳ್ಳಿರಿ. ಅದೇ ನಿಮ್ಮ ನಕಾಶೆ. ಹೊಸದಾಗಿ ಕಲಿಯುವವನಿಗೆ 10 ಅಂಗುಲದ ಅಲಗು ಸಾಕು. ಹಿಡಿಯೊಳಗೆ ಸೇರುವ ಬಾಲಕ್ಕೆ ಇನ್ನೂ 4 ಅಂಗುಲ ಬಿಡಬೇಕು.

ಕಮಾನ ಪಟ್ಟಿಯನ್ನು ಕಿತ್ತಳೆ ಬಣ್ಣಕ್ಕೆ ಬರುವವರೆಗೆ ಕಾಯಿಸಿ ಬಡಿಯಬೇಕು. ಕಂದುಗೆಂಪಿಗೆ ಇಳಿದ ಕೂಡಲೇ ನಿಲ್ಲಿಸಿ ಮತ್ತೆ ಬೆಂಕಿಗೆ ಇಡಬೇಕು. ಆರಿದ ಉಕ್ಕನ್ನು ಇನ್ನೊಂದೆರಡು ಏಟು ಎಂದು ಬಡಿದರೆ ಒಳಗೆ ಬಿರುಕು ಹುಟ್ಟುತ್ತದೆ. ಅದು ಕಾಣುವದು ಹದ ಹಾಕಿದ ಮೇಲೆ, ಇಲ್ಲವೆ ಹೊಲದಲ್ಲಿ. ಇತ್ತ ಬೆಳ್ಳಗಾಗುವಷ್ಟು ಕಾಯಿಸಿ ಉಕ್ಕಿನಿಂದಲೇ ಕಿಡಿ ಸಿಡಿದರೆ ಆ ಭಾಗ ಸುಟ್ಟಿತು. ಅದನ್ನು ಕತ್ತರಿಸಿ ಒಗೆಯುವದೊಂದೇ ದಾರಿ.

ಮೊದಲು ಬಾಲವನ್ನು ಎಳೆದು, ಆಮೇಲೆ ಬೆನ್ನಿನ ಬಾಗು ಕೂಡಿಸಿ, ಕೊನೆಗೆ ಮೊನೆಯ ಕಡೆ ತೆಳುವು ಮಾಡಬೇಕು. ಮೊನೆಯನ್ನು ಬಡಿದಂತೆ ಅಲಗು ಬೆನ್ನಿನ ಕಡೆಗೆ ಬಾಗುತ್ತ ಹೋಗುವದರಿಂದ ಆಗಾಗ ತಿದ್ದಿಕೊಳ್ಳಬೇಕು. ಎರಡೂ ಮಗ್ಗಲಿಗೆ ಏಟು ಸಮವಾಗಿ ಬೀಳಬೇಕು. ಬಾಲವು ಅಲಗನ್ನು ಕೂಡುವ ಮೂಲೆಯನ್ನು ಚೂಪಾಗಿ ಕತ್ತರಿಸದೆ ದುಂಡಗೆ ಇಡಬೇಕು, ಏಕೆಂದರೆ ಕೊಯ್ತಾ ಮುರಿಯುವದು ಹೆಚ್ಚಾಗಿ ಅಲ್ಲಿಯೇ. ಮೊನೆಯನ್ನು ಈಗಲೇ ಪೂರ್ತಿ ಹರಿತ ಮಾಡದೆ ಒಂದು ಮಿಲಿಮೀಟರಿನಷ್ಟು ದಪ್ಪ ಉಳಿಸಿರಿ. ಕಾಗದದಷ್ಟು ತೆಳುವಾದ ಮೊನೆ ಹದ ಹಾಕುವಾಗ ಸೀಳುತ್ತದೆ ಇಲ್ಲವೆ ಸೊಟ್ಟಾಗುತ್ತದೆ.

ಆಕಾರ ಬಂದ ಮೇಲೆ ಅಲಗನ್ನು ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡಬೇಕು. ಹೀಗೆ ಮೂರು ಸಲ ಮಾಡಿದರೆ ಬಡಿತದಿಂದ ಒಳಗೆ ಸೇರಿದ ಬಿಗಿ ಸಡಿಲುತ್ತದೆ, ಕಣವೂ ಸಣ್ಣಗಾಗುತ್ತದೆ. ಅವಸರದವರು ಬಿಡುವ ಕೆಲಸ ಇದೇ.

ಹದ ಹಾಕುವದು

ಇಡೀ ವಿದ್ಯೆಯ ಜೀವ ಇಲ್ಲಿದೆ. ಈ ಕೆಲಸವನ್ನು ಬಿಸಿಲಿನಲ್ಲಿ ಮಾಡಬಾರದು. ನೆರಳಿನಲ್ಲಿ, ಸಂಜೆಯ ಮಬ್ಬಿನಲ್ಲಿ ಮಾಡಿದರೆ ಬಣ್ಣ ಸರಿಯಾಗಿ ಕಾಣುತ್ತದೆ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಅಯಸ್ಕಾಂತಕ್ಕೆ ಅಂಟುವದನ್ನು ಬಿಡುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಉದ್ದ ಕಡ್ಡಿಗೆ ಕಟ್ಟಿ ಮುಟ್ಟಿಸಿ ನೋಡಿರಿ. ಅಂಟದೆ ಹೋದ ಬಳಿಕ ಇನ್ನು ತುಸುವೇ ಕಾವು ಏರಿಸಿ, ದಾಳಿಂಬೆ ಹೂವಿನಂಥ ಬಣ್ಣ ಅಲಗಿನ ಉದ್ದಕ್ಕೂ ಸಮನಾದಾಗ ಹೊರಗೆ ತೆಗೆಯಬೇಕು. ನಾಲ್ಕು ಸಲ ಹೀಗೆ ಅಯಸ್ಕಾಂತ ಹಿಡಿದು ನೋಡಿದವನ ಕಣ್ಣಿಗೆ ಆ ಬಣ್ಣ ಕೂಡುತ್ತದೆ. ಗುರು ಪಕ್ಕದಲ್ಲಿ ನಿಂತು 'ಹಾಂ, ಈಗ' ಎನ್ನುವದರ ಅರ್ಥವೂ ತಿಳಿಯುತ್ತದೆ.

ಕಮಾನ ಪಟ್ಟಿಯ ಉಕ್ಕಿಗೆ ತಣ್ಣೀರು ಬಹಳ ಕಠಿಣ. ಬಿರುಕು ಬೀಳುವ ಅಂಜಿಕೆ ಹೆಚ್ಚು. ಆಳವಾದ ಕಬ್ಬಿಣದ ಪಾತ್ರೆಯಲ್ಲಿ ನಾಲ್ಕೈದು ಲೀಟರು ಅಗ್ಗದ ಅಡಿಗೆ ಎಣ್ಣೆ ಹಾಕಿ, ಕೈಗೆ ಬಿಸಿ ತಾಕುವಷ್ಟು, ಅಂದರೆ ಸುಮಾರು 50 ಡಿಗ್ರಿಯಷ್ಟು, ಬೆಚ್ಚಗೆ ಮಾಡಿಕೊಳ್ಳಿರಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಹರಿದು ಅಲಗನ್ನು ಬೇಗ ಆರಿಸುತ್ತದೆ. ಮೊನೆ ಕೆಳಗಾಗಿ ನೇರವಾಗಿ ಅದ್ದಿ, ಮುಂದೆ-ಹಿಂದೆ ಆಡಿಸಿರಿ. ಅಡ್ಡಡ್ಡ ಆಡಿಸಿದರೆ ಒಂದು ಮಗ್ಗಲು ಬೇಗ ಆರಿ ಅಲಗು ಸೊಟ್ಟಾಗುತ್ತದೆ. ಆರಿದ ಮೇಲೆ ಮೊನೆಗೆ ಅರ ಹಾಕಿ ನೋಡಿರಿ. ಅರ ಹಿಡಿಯದೆ ಜಾರಿದರೆ ಗಡಸು ಬಂದಿದೆ. ಕಚ್ಚಿದರೆ ಕಾವು ಸಾಲದೆ ಹೋಯಿತು, ಮತ್ತೆ ಕಾಯಿಸಬೇಕು.

ಈಗಿನ ಅಲಗು ಗಾಜಿನಂತೆ. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಮುರಿದೀತು. ಇದನ್ನು ರಾತ್ರಿ ಬಿಡದೆ ಕೂಡಲೇ ಇಳಿಸಬೇಕು. ಒಂದು ಮಗ್ಗಲನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಹೊಳೆಯುವಂತೆ ಮಾಡಿ, ದಪ್ಪ ಕಬ್ಬಿಣದ ತುಂಡನ್ನು ಕೆಂಪಗೆ ಕಾಯಿಸಿ, ಅದರ ಮೇಲೆ ಅಲಗಿನ ಬೆನ್ನನ್ನು ಮಾತ್ರ ಇಟ್ಟು ಸರಿಸುತ್ತ ಹೋಗಿರಿ. ಬೆನ್ನಿನಿಂದ ಮೊನೆಯ ಕಡೆಗೆ ಬಣ್ಣಗಳು ಒಂದರ ಹಿಂದೊಂದು ಹರಿದು ಬರುತ್ತವೆ:

ಒಣಗಿದ ಗೋದಿಹುಲ್ಲಿನ ಬಣ್ಣ, ಸುಮಾರು 220 ಡಿಗ್ರಿ: ಮನೆಯ ಚಾಕುವಿಗೆ, ಇಳಿಗೆಗೆ.
ಬೆಲ್ಲದ ಬಣ್ಣ, ಸುಮಾರು 255 ಡಿಗ್ರಿ: ಹುಲ್ಲು ಕೊಯ್ಯುವ ಕುಡಗೋಲಿಗೆ.
ನೇರಳೆ ಹಣ್ಣಿನ ಬಣ್ಣ, ಸುಮಾರು 275 ಡಿಗ್ರಿ: ಕಬ್ಬಿನ ಕೊಯ್ತಾದ ಮೊನೆಗೆ.
ನವಿಲಿನ ಕೊರಳ ನೀಲಿ, ಸುಮಾರು 295 ಡಿಗ್ರಿ: ಕೊಯ್ತಾದ ಬೆನ್ನಿಗೆ, ಬಾಲಕ್ಕೆ.

ಮೊನೆಗೆ ನೇರಳೆ ಬಣ್ಣ ಬಂದ ಕ್ಷಣ ನೀರಿಗೆ ಅದ್ದಿ ನಿಲ್ಲಿಸಬೇಕು. ಮತ್ತೆ ಉಜ್ಜಿ ಇದನ್ನು ಇನ್ನೊಮ್ಮೆ ಮಾಡಿದರೆ ಹದ ಗಟ್ಟಿ. ಹುಲ್ಲಿನ ಬಣ್ಣಕ್ಕೇ ನಿಲ್ಲಿಸಿದ ಕೊಯ್ತಾ ಮೊದಲ ದಿನ ಬಹಳ ಚೆನ್ನಾಗಿ ಕಡಿಯುತ್ತದೆ. ಎರಡನೆಯ ದಿನ ಕಲ್ಲು ತಾಕಿ ಚಕ್ಕೆ ಹಾರುತ್ತದೆ. ಆ ಚಕ್ಕೆ ಪಕ್ಕದಲ್ಲಿ ಮೋಳಿಗೆ ಕಟ್ಟುವ ಹೆಣ್ಣುಮಗಳ ಕಣ್ಣಿಗೂ ಹಾರೀತು. ಕಮಾನ ಪಟ್ಟಿಗಳಲ್ಲಿಯೂ ಜಾತಿ ಬೇರೆ ಬೇರೆ ಇರುವದರಿಂದ ಬಣ್ಣವನ್ನು ಮಾರ್ಗದರ್ಶಿಯೆಂದು ತಿಳಿದು, ಮೊದಲ ಕೊಯ್ತಾವನ್ನು ಒಣ ಜಾಲಿಕಟ್ಟಿಗೆಯ ಮೇಲೆ ಹತ್ತಿಪ್ಪತ್ತು ಏಟು ಹಾಕಿ ನೋಡಬೇಕು. ಮೊನೆ ಮಡಚಿದರೆ ಹದ ಮೆದುವಾಯಿತು. ಚಕ್ಕೆ ಎದ್ದರೆ ಗಡಸಾಯಿತು.

ಹಿಡಿ ಮತ್ತು ಸಾಣೆ

ಹಿಡಿಗೆ ಚೆನ್ನಾಗಿ ಒಣಗಿದ ಜಾಲಿಯ ಕಟ್ಟಿಗೆ ಒಳ್ಳೆಯದು. ಹಸಿ ಕಟ್ಟಿಗೆ ಒಣಗಿದಂತೆ ಕುಗ್ಗಿ ಅಲಗು ಸಡಿಲಾಗುತ್ತದೆ; ಬೀಸುವಾಗ ಕಳಚಿ ಹಾರಿದ ಅಲಗಿಗಿಂತ ಕೆಟ್ಟದ್ದು ಬೇರೆ ಇಲ್ಲ. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ತೊಡಿಸಿ, ತೂತಿನಲ್ಲಿ ಅರಗಿನ ಪುಡಿ ತುಂಬಿ, ಬಾಲವನ್ನು ಬೆಚ್ಚಗೆ ಮಾಡಿ ಕೂಡಿಸಬೇಕು. ಆಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಲಿ, ಇಲ್ಲದಿದ್ದರೆ ಕಾವು ಮೊನೆಗೆ ಏರಿ ಹದ ಕೆಡುವದು.

ಮೊನೆಯನ್ನು ಯಂತ್ರದ ಸಾಣೆಗೆ ಹಿಡಿಯುವವರು ಮತ್ತೆ ಮತ್ತೆ ನೀರಿಗೆ ಅದ್ದುತ್ತಿರಬೇಕು. ಒಂದು ಸಲ ನೀಲಿಗಟ್ಟಿತೆಂದರೆ ಆ ಜಾಗದ ಹದ ಹೋಯಿತು. ಕಡೆಯ ಹರಿತವನ್ನು ಕೈಸಾಣೆಯಿಂದಲೇ ತರುವದು ಒಳ್ಳೆಯದು.

ಜೋಕೆ

ಕುಲುಮೆಯ ಮುಂದೆ ಹತ್ತಿಯ ಬಟ್ಟೆಯನ್ನೇ ಉಡಬೇಕು. ಟೆರಿಲಿನ್, ನೈಲಾನ್ ಬೆರೆತ ಬಟ್ಟೆಗೆ ಕಿಡಿ ತಾಕಿದರೆ ಅದು ಕರಗಿ ಮೈಗೆ ಅಂಟುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಪಾದರಕ್ಷೆ ಇರಲಿ. ಎಣ್ಣೆಯ ಪಾತ್ರೆಗೆ ಕಬ್ಬಿಣದ ಮುಚ್ಚಳವನ್ನೂ ಪಕ್ಕದಲ್ಲಿ ಒಣ ಮರಳನ್ನೂ ಇಟ್ಟುಕೊಂಡಿರಿ. ಹೊತ್ತಿದ ಎಣ್ಣೆಗೆ ನೀರು ಸುರಿಯಬಾರದು. ಎಂಜಿನ್ನಿನ ಸುಟ್ಟ ಎಣ್ಣೆಯ ಹೊಗೆ ಎದೆಗೆ ಕೆಟ್ಟದ್ದು. ಸತುವಿನ ಲೇಪವಿದ್ದ ತಗಡು, ಕೊಳವೆಗಳನ್ನು ಬೆಂಕಿಗೆ ಹಾಕಲೇಬಾರದು. ಅದರ ಹೊಗೆಯಿಂದ ಜ್ವರ ಬರುತ್ತದೆ.

ಮೊದಲನೆಯ ಕೊಯ್ತಾ ಸೊಟ್ಟಗಿರಬಹುದು, ಎರಡನೆಯದು ಭಾರವಾಗಬಹುದು. ಅವುಗಳನ್ನು ಒಗೆಯದೆ ಗುರುವಿನ ಮುಂದಿಟ್ಟು ತಪ್ಪೆಲ್ಲಿ ಎಂದು ಕೇಳಿರಿ. ಒಂದು ಮಳೆಗಾಲ ಹೀಗೆ ಕುಳಿತವನು ಮುಂದೆ ತಾನೇ ಕೊಯ್ತಾ ಮಾಡದಿದ್ದರೂ ಸಂತೆಯಲ್ಲಿ ಕೊಳ್ಳುವಾಗ ಮೋಸಹೋಗಲಾರನು, ಕೊಂಡದ್ದನ್ನು ಸಾಣೆಯಲ್ಲಿ ಕೆಡಿಸಲಾರನು. ಈ ವರ್ಷದ ಖಂಡೆಪೂಜೆಗೆ ಹೊಸ ಕೊಯ್ತಾ ಬೇಕೆಂದರೆ ಶ್ರಾವಣ ಹುಟ್ಟುವ ಮೊದಲೇ ನಿಮ್ಮೂರ ಹಿರಿಯ ಕಂಬಾರರನ್ನು ಕಂಡು, ಒಂದು ಚೀಲ ಇದ್ದಿಲಿನೊಂದಿಗೆ ಮಾತು ಗೊತ್ತುಮಾಡಿಕೊಂಡು ಬನ್ನಿರಿ.