ಈಗ ಏನನ್ನೋದುತ್ತಿರುವಿರಿ?

ಪರಿಚಿತರಿಬ್ಬರು ಸಂಧಿಸಿದೊಡನೆ ಮಳೆಬೆಳೆ, ಮಕ್ಕಳ ವಿದ್ಯಾಭ್ಯಾಸ, ವರ್ಗ, ಬಡ್ತಿಗಳನ್ನು ಕುರಿತು ವಿಚಾರಿಸುವುದು ನಮ್ಮಲ್ಲಿ ರೂಢಿ. ‘ಈಗ ಯಾವ ಪುಸ್ತಕವನ್ನೋದುತ್ತಿರುವಿರಿ?’ ಎಂದು ಕೇಳುವವರು ಮಾತ್ರ ವಿರಳ. ಕೇಳಿದರೆ, ಪರೀಕ್ಷೆಗೆ ನಿಲ್ಲಿಸಿದಂತೆ ಎದುರಿನವರು ತಬ್ಬಿಬ್ಬಾಗುವರು.

ಕೆಲವು ದಿನಗಳ ಕೆಳಗೆ ಮಿತ್ರರೊಬ್ಬರ ಮನೆಯಲ್ಲಿ ಏಳೆಂಟು ಮಂದಿ ಸೇರಿದ್ದಾಗ ನಾವು ಈ ಪ್ರಶ್ನೆಯನ್ನು ಮುಂದಿಟ್ಟೆವು. ನಿವೃತ್ತ ಅಧಿಕಾರಿಗಳೊಬ್ಬರು ತಾವು ಕಾಲೇಜಿನಲ್ಲಿ ಪಠಿಸಿದ ಆಂಗ್ಲ ಗ್ರಂಥಗಳ ಹೆಸರುಗಳನ್ನು ಹೇಳಿದರು. ವಕೀಲರೊಬ್ಬರು ಬಿಡುವಿಲ್ಲವೆಂದರು. ಕೊನೆಗೆ, ಮೂಲೆಯಲ್ಲಿ ಕುಳಿತಿದ್ದ ಗುಮಾಸ್ತರೊಬ್ಬರು, ದೃಷ್ಟಿ ಮಂದವಾದ ತಮ್ಮ ತಾಯಿಗೆ ರಾತ್ರಿ ಊಟವಾದ ಮೇಲೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಓದಿ ಹೇಳುತ್ತಿರುವುದಾಗಿ ಸಂಕೋಚದಿಂದ ನುಡಿದರು. “ಚೋಮನಿಗೆ ಒಂದು ತುಂಡು ಭೂಮಿಯನ್ನು ಏಕೆ ಕೊಡಲಿಲ್ಲವೆಂದು ಅಮ್ಮ ದಿನವೂ ಕೇಳುತ್ತಾರೆ, ನನಗೆ ಉತ್ತರ ತೋಚುವುದಿಲ್ಲ” ಎಂದರು.

ಸ್ವಂತ ಬೇಸಾಯ ಮಾಡಬೇಕೆಂಬ ಚೋಮನ ಆಶೆಗೆ ಅವನ ಜಾತಿಯೇ ಅಡ್ಡಿಯಾದ ಆ ಕಥೆ ಪ್ರಕಟವಾದುದು 1933ರಲ್ಲಿ. ಆ ಮುದುಕಿಯ ಪ್ರಶ್ನೆಗೆ ನಮ್ಮಲ್ಲಿ ಯಾರೂ ಉತ್ತರವೀಯಲಾರದೆ ಹೋದೆವು; ಒಂದು ಗಂಟೆಯವರೆಗೆ ಬೇರೆ ಮಾತೂ ಹೊರಡಲಿಲ್ಲ. ಬಿಡುವಿಲ್ಲವೆಂದ ವಕೀಲರೇ ಹೊರಡುವಾಗ ಆ ಪುಸ್ತಕವನ್ನು ಎರವಲು ಬೇಡಿದರು. ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾವೂ ತಲೆ ತಗ್ಗಿಸಬೇಕಾಗುತ್ತಿತ್ತು. ವಿಮರ್ಶೆಗೆಂದು ಬಂದ ಪುಸ್ತಕಗಳ ಮುನ್ನುಡಿಯನ್ನಷ್ಟೇ ನೋಡಿ ಅಭಿಪ್ರಾಯ ಬರೆದ ಸಂದರ್ಭಗಳು ನಮ್ಮ ವೃತ್ತಿಜೀವನದಲ್ಲಿ ಇಲ್ಲದಿಲ್ಲ.

ಓದು ಕೇವಲ ಏಕಾಂತದ ವ್ಯವಹಾರವಾದುದು ನಮ್ಮಲ್ಲಿ ಈಚೆಗೆ. ಹಿಂದೆ ಗುಡಿಯ ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸನ ಭಾರತವನ್ನೋ ಜೈಮಿನಿಯನ್ನೋ ವಾಚಿಸಿ, ಮತ್ತೊಬ್ಬರು ಅರ್ಥ ಹೇಳುವಾಗ, ಅಕ್ಷರ ಬಾರದವನೂ ಆ ಓದಿನಲ್ಲಿ ಪಾಲುಗಾರನಾಗಿದ್ದನು. ಮುಂದೆ ಅಚ್ಚಿನ ಕಾಲ ಬಂದಾಗ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ ಚಂದಾದಾರರನ್ನು ಕೂಡಿಸಿದರು. ಇವರ ಶ್ರಮವು ಫಲಿಸಿದ್ದು ಜಾಹೀರಾತಿನ ಬಲದಿಂದಲ್ಲ. ಓದಿದವನು ನೆರೆಯವನಿಗೆ ಹೇಳಿದುದರಿಂದ.

ಇಂದು ಪುಸ್ತಕಗಳಿಗೆ ಬರವಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಶಾಸನಾನುಸಾರ ನಾವು ಮನೆಕಂದಾಯದೊಡನೆ ಗ್ರಂಥಾಲಯದ ಕರವನ್ನೂ ತೆರುತ್ತಿದ್ದೇವೆ. ಕರ ತೆತ್ತು ಕಪಾಟಿನ ಬೀಗ ತೆಗೆಸದಿರುವುದು ಎಂತಹ ವಿವೇಕ? ಕನ್ನಡಾಭಿಮಾನವನ್ನು ಮೆರವಣಿಗೆಯಲ್ಲಿ ಘೋಷಿಸುವ ನಾವು, ಕನ್ನಡದಲ್ಲಿ ಬರೆದವನ ಮಾತನ್ನು ಮನೆಯಲ್ಲಿ ಕೇಳದಿದ್ದರೆ ಆ ಅಭಿಮಾನಕ್ಕೆ ಬೆಲೆಯೇನು?

ಆದಕಾರಣ ವಾಚಕ ಮಹಾಶಯರಲ್ಲಿ ನಮ್ಮದೊಂದು ವಿಜ್ಞಾಪನೆ. ನಾಳೆ ಕಚೇರಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಒಬ್ಬರನ್ನಾದರೂ ಈ ಪ್ರಶ್ನೆ ಕೇಳಿರಿ. ನಿಮ್ಮನ್ನು ಕೇಳಿದರೆ, ದೊಡ್ಡ ಹೆಸರುಗಳನ್ನು ಹುಡುಕದೆ, ಮಂಚದ ಬಳಿ ನಿಜವಾಗಿ ತೆರೆದಿರುವ ಪುಸ್ತಕವನ್ನೇ ಹೇಳಿರಿ. ಯಾವುದೂ ತೆರೆದಿಲ್ಲವಾದರೆ ಹಾಗೆಯೇ ಹೇಳಿರಿ. ಅದರಲ್ಲಿ ನಾಚಿಕೆಯಿಲ್ಲ, ಆ ಸಂಜೆ ಒಂದನ್ನು ತೆರೆದರಾಯಿತು. ನಾವಂತೂ ಅರ್ಧಕ್ಕೆ ಬಿಟ್ಟಿದ್ದ ‘ಮರಳಿ ಮಣ್ಣಿಗೆ’ಯನ್ನು ಮತ್ತೆ ಕೈಗೆತ್ತಿಕೊಂಡಿದ್ದೇವೆ.