ಮತಪೆಟ್ಟಿಗೆಯೂ ಮೈಬಣ್ಣವೂ

ನಾಲ್ಕು ವರ್ಷಗಳಿಗೊಮ್ಮೆ, ನವೆಂಬರ್ ಮಾಸದ ಮೊದಲನೆಯ ಸೋಮವಾರ ಕಳೆದ ಮರುದಿನ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪ್ರಜೆಗಳು ತಮ್ಮ ರಾಷ್ಟ್ರಾಧ್ಯಕ್ಷನ ಆಯ್ಕೆಗಾಗಿ ಮತ ಕೊಡುತ್ತಾರೆ. ಫಲಿತಾಂಶವು ಹೊರಬೀಳುತ್ತಲೇ ಅಲ್ಲಿನ ಪತ್ರಿಕೆಗಳಲ್ಲಿ ಒಂದು ಕೋಷ್ಟಕ ಪ್ರಕಟವಾಗುತ್ತದೆ: ಶ್ವೇತವರ್ಣೀಯರಲ್ಲಿ ನೂರಕ್ಕೆ ಇಷ್ಟು ಮಂದಿ ಈ ಪಕ್ಷಕ್ಕೆ, ಕೃಷ್ಣವರ್ಣೀಯರಲ್ಲಿ ಇಷ್ಟು ಮಂದಿ ಆ ಪಕ್ಷಕ್ಕೆ, ಸ್ಪ್ಯಾನಿಷ್ ನುಡಿಯ ಮೂಲದವರು ಇತ್ತ, ಏಷ್ಯದಿಂದ ಬಂದವರು ಅತ್ತ. ಇದನ್ನು ಕಂಡ ನಮ್ಮವರನೇಕರು, "ಅಲ್ಲಿಯೂ ಓಟು ಬೀಳುವುದು ಬಣ್ಣ ನೋಡಿಯೇ" ಎಂದು ನಕ್ಕು ಪತ್ರಿಕೆಯನ್ನು ಮಡಿಸಿಡುವರು. ಇಷ್ಟು ಸುಲಭವಾದ ತೀರ್ಮಾನ ನಮಗೆ ಸಮ್ಮತವಲ್ಲ. ವರ್ಣವು ಮತದಾರನ ಮನಸ್ಸಿನ ಮೇಲೆ ಪ್ರಭಾವ ಬೀರುವುದು ನಿಜ. ಆದರೆ ಆ ಪ್ರಭಾವವು ಹುಟ್ಟಿನೊಡನೆ ಬಂದದ್ದಲ್ಲ. ಕಾನೂನು ಕಟ್ಟಿದ್ದು, ರಾಜಕಾರಣ ಬೆಳೆಸಿದ್ದು. ಆದುದರಿಂದಲೇ ಅದು ಬದಲಾಗಲೂ ಬಲ್ಲುದು.

ಮೊದಲು, ಮತಕೊಡುವ ಅಧಿಕಾರ ಯಾರಿಗಿತ್ತೆಂಬುದನ್ನು ನೋಡೋಣ. 1787ರಲ್ಲಿ ರಚಿತವಾದ ಅಮೆರಿಕೆಯ ರಾಜ್ಯಾಂಗದಲ್ಲಿ ಗುಲಾಮನಿಗೆ ಮತವಿರಲಿಲ್ಲ. ಆದರೆ ಸಂಸ್ಥಾನವೊಂದಕ್ಕೆ ಎಷ್ಟು ಪ್ರತಿನಿಧಿಗಳೆಂದು ಗೊತ್ತುಮಾಡುವಾಗ ಮಾತ್ರ ಐದು ಮಂದಿ ಗುಲಾಮರನ್ನು ಮೂವರು ಮನುಷ್ಯರೆಂದು ಎಣಿಸಬೇಕೆಂದು ವಿಧಿಸಲಾಯಿತು. ಅಧ್ಯಕ್ಷನನ್ನು ಆರಿಸುವ ನಿರ್ವಾಚಕರ ಸಂಖ್ಯೆಯೂ ಇದೇ ಲೆಕ್ಕವನ್ನು ಅನುಸರಿಸಿತು. ಹೀಗೆ ಬಾಯಿಲ್ಲದವನ ತಲೆಯೆಣಿಕೆಯಿಂದ ಅವನ ಯಜಮಾನನ ಮತಕ್ಕೆ ತೂಕ ಹೆಚ್ಚಿತು. ಮೊದಲ ಐವರು ಅಧ್ಯಕ್ಷರಲ್ಲಿ ನಾಲ್ವರು ವರ್ಜೀನಿಯಾ ಸಂಸ್ಥಾನದವರು, ನಾಲ್ವರೂ ಗುಲಾಮರ ಒಡೆಯರು. 1800ರ ಚುನಾವಣೆಯಲ್ಲಿ ಜೆಫರ್ಸನ್ನರಿಗೆ 73, ಆಡಮ್ಸರಿಗೆ 65 ನಿರ್ವಾಚಕ ಮತಗಳು ಬಂದವು. ಗುಲಾಮರ ಎಣಿಕೆಯಿಂದ ದಕ್ಷಿಣಕ್ಕೆ ದೊರೆತ ಹೆಚ್ಚುವರಿ ಮತಗಳನ್ನು ಕಳೆದರೆ ಆಡಮ್ಸರೇ ಗೆಲ್ಲುತ್ತಿದ್ದರೆಂದು ಲೆಕ್ಕ ಹಾಕಿದ ಇತಿಹಾಸಕಾರರಿದ್ದಾರೆ. ಅಂದಮೇಲೆ ವರ್ಣವು ಅಮೆರಿಕೆಯ ಚುನಾವಣೆಯೊಳಗೆ ಹಿಂಬಾಗಿಲಿನಿಂದ ನುಸುಳಿ ಬಂದದ್ದಲ್ಲ. ಅಸ್ತಿವಾರದ ಕಲ್ಲಿನಲ್ಲಿಯೇ ಸೇರಿದ್ದಿತು.

1860ರಲ್ಲಿ ಲಿಂಕನ್ನರು ಆಯ್ಕೆಯಾದರು, ಅಂತಃಕಲಹ ನಡೆಯಿತು, ದಾಸ್ಯ ತೊಲಗಿತು. ವರ್ಣದ ಕಾರಣದಿಂದ ಯಾರ ಮತವನ್ನೂ ಕಸಿಯಬಾರದೆಂದು 1870ರಲ್ಲಿ ಹದಿನೈದನೆಯ ತಿದ್ದುಪಡಿ ವಿಧಿಸಿತು. ಸ್ವಲ್ಪಕಾಲ ದಕ್ಷಿಣದಲ್ಲಿ ಕೃಷ್ಣವರ್ಣೀಯರು ಮತ ಕೊಟ್ಟರು, ಶಾಸನಸಭೆಗಳಲ್ಲಿಯೂ ಕುಳಿತರು. ಆದರೆ 1876ರ ವಿವಾದಗ್ರಸ್ತ ಚುನಾವಣೆಯು ಒಂದೇ ನಿರ್ವಾಚಕ ಮತದ ಅಂತರದಲ್ಲಿ ಇತ್ಯರ್ಥವಾಗಿ ಹೇಯ್ಸರು ಅಧ್ಯಕ್ಷರಾದಾಗ, ದಕ್ಷಿಣದಲ್ಲಿ ಆ ಜನರ ರಕ್ಷಣೆಗೆ ನಿಂತಿದ್ದ ಕೇಂದ್ರದ ಸೈನ್ಯವು ಹಿಂದೆಗೆಯಿತು. ಆಮೇಲೆ ದಕ್ಷಿಣದ ಶಾಸಕರು ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ ಉಪಾಯ ಹೂಡಿದರು. ಕಾಯಿದೆಯಲ್ಲಿ ಬಣ್ಣದ ಮಾತೇ ಇಲ್ಲ. ಮತ ಕೊಡುವವನು ತೆರಿಗೆ ಕೊಡತಕ್ಕದ್ದು, ಓದು ಬಲ್ಲವನಾಗಿರತಕ್ಕದ್ದು, ರಾಜ್ಯಾಂಗದ ವಾಕ್ಯಕ್ಕೆ ಅರ್ಥ ಹೇಳತಕ್ಕದ್ದು, ಇಷ್ಟೇ. 1890ರಲ್ಲಿ ಮಿಸಿಸಿಪ್ಪಿ ಈ ದಾರಿಯನ್ನು ತೋರಿಸಿತು. ಲೂಯಿಸಿಯಾನವು 1898ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾರ ತಂದೆಯೋ ಅಜ್ಜನೋ 1867ಕ್ಕೆ ಮುಂಚೆ ಮತದಾರನಾಗಿದ್ದನೋ ಅಂಥವನಿಗೆ ಈ ಪರೀಕ್ಷೆಗಳಿಂದ ವಿನಾಯಿತಿ ಕೊಟ್ಟಿತು. ಗುಲಾಮನ ಅಜ್ಜ ಮತದಾರನಾಗಿರುವುದು ಹೇಗೆ? ಆ ಸಂಸ್ಥಾನದಲ್ಲಿ 1896ರಲ್ಲಿ 1,30,000ಕ್ಕೂ ಹೆಚ್ಚು ಮಂದಿ ಕೃಷ್ಣವರ್ಣೀಯರು ಮತದಾರರ ಪಟ್ಟಿಯಲ್ಲಿದ್ದರು. 1904ರಲ್ಲಿ ಉಳಿದವರು ಸುಮಾರು 1,300 ಮಂದಿ.

ನಾವು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಂಠಪಾಠ ಒಪ್ಪಿಸಿ ಬಂದವರು. ಪರೀಕ್ಷಕನಿಗೆ ಪ್ರಸನ್ನತೆಯಿದ್ದರೆ ತಪ್ಪು ಉಚ್ಚಾರವೂ ಪಾಠಾಂತರವೆನಿಸುತ್ತದೆ, ಇಲ್ಲದಿದ್ದರೆ ಸರಿಯಾದ ಉತ್ತರವೂ ಉದ್ಧಟತನವೆನಿಸುತ್ತದೆ ಎಂಬುದು ನಮಗೆ ಆಗಲೇ ತಿಳಿದಿತ್ತು. ದಕ್ಷಿಣದ ನೋಂದಣಿ ಅಧಿಕಾರಿಯ ಕೈಯಲ್ಲಿ ಇದೇ ಅಸ್ತ್ರವಿತ್ತು. ಬಿಳಿಯ ರೈತನಿಗೆ ಒಂದು ಸುಲಭವಾದ ಸಾಲು, ಕರಿಯ ಉಪಾಧ್ಯಾಯನಿಗೆ ಬಿಡಿಸಲಾಗದ ಒಗಟು. ಅಕ್ಷರ ಬಲ್ಲ ನಮ್ಮ ವಾಚಕರು, ವಿಶೇಷವಾಗಿ ಸರ್ಕಾರಿ ಕಚೇರಿಗಳಲ್ಲಿ ಕುಳಿತು ಪಟ್ಟಿಗಳನ್ನು ಸಿದ್ಧಪಡಿಸುವ ಮಹಾಶಯರು, ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಪ್ರಜಾಪ್ರಭುತ್ವವನ್ನು ಕೊಲ್ಲಲು ಕತ್ತಿ ಬೇಕಿಲ್ಲ, ಗುಮಾಸ್ತನ ಲೇಖನಿಯೇ ಸಾಕಾಗುತ್ತದೆ.

ಎರಡನೆಯದು ನೆನಪಿನ ಪ್ರಭಾವ. ಲಿಂಕನ್ನರ ಕಾಲದಿಂದ ಎರಡು ತಲೆಮಾರಿನವರೆಗೆ, ಮತವಿದ್ದ ಕೃಷ್ಣವರ್ಣೀಯರೆಲ್ಲ ಲಿಂಕನ್ನರ ರಿಪಬ್ಲಿಕನ್ ಪಕ್ಷಕ್ಕೇ ನಿಷ್ಠರಾಗಿದ್ದರು. ದಕ್ಷಿಣದ ಬಿಳಿಯರು ಅಷ್ಟೇ ಹಟದಿಂದ ಡೆಮೊಕ್ರಾಟಿಕ್ ಪಕ್ಷವನ್ನು ಹಿಡಿದುಕೊಂಡಿದ್ದರು. ಇಂದು ಈ ಚಿತ್ರ ಪೂರ್ತಿಯಾಗಿ ತಿರುಗುಮುರುಗಾಗಿದೆ. ಬಣ್ಣವೇ ಮತವನ್ನು ನಿರ್ಣಯಿಸುವುದಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಬಣ್ಣ ಬದಲಾಗಲಿಲ್ಲ, ಪಕ್ಷಗಳ ನಡತೆ ಬದಲಾಯಿತು. 1932ರಲ್ಲಿ ಪಿಟ್ಸ್‌ಬರ್ಗ್ ಕೂರಿಯರ್ ಎಂಬ ಪತ್ರಿಕೆಯ ಸಂಪಾದಕರಾದ ರಾಬರ್ಟ್ ವಾನ್ ಎಂಬವರು, ಲಿಂಕನ್ನರ ಋಣ ತೀರಿತು, ಅವರ ಚಿತ್ರಪಟವನ್ನು ಗೋಡೆಯ ಕಡೆಗೆ ತಿರುಗಿಸಿರಿ ಎಂದು ತಮ್ಮ ಜನರಿಗೆ ಬುದ್ಧಿ ಹೇಳಿದರು. ಪತ್ರಿಕಾವೃತ್ತಿಯವರಾದ ನಮಗೆ ಆ ಧೈರ್ಯದ ಬೆಲೆ ಗೊತ್ತು. ಆ ವರ್ಷ ಅವರ ಮಾತನ್ನು ಕೇಳಿದವರು ಕಡಿಮೆ. ಆದರೆ ರೂಸ್‌ವೆಲ್ಟರ ಆಡಳಿತದಲ್ಲಿ ಹಸಿದವರಿಗೆ ಕೆಲಸ ಸಿಕ್ಕಿದ ಮೇಲೆ, 1936ರಲ್ಲಿ ಆ ಜನರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಅವರಿಗೆ ಮತ ಕೊಟ್ಟರು.

1948ರಲ್ಲಿ ಟ್ರೂಮನ್ನರು ಸೈನ್ಯದಲ್ಲಿನ ವರ್ಣಭೇದವನ್ನು ಆಜ್ಞೆಯಿಂದ ರದ್ದುಮಾಡಿದರು. ದಕ್ಷಿಣದ ಬಿಳಿಯರಲ್ಲಿ ಒಂದು ಬಣವು ಪಕ್ಷದಿಂದ ಸಿಡಿದು ಥರ್ಮಂಡರನ್ನು ಉಮೇದುವಾರರನ್ನಾಗಿ ನಿಲ್ಲಿಸಿ ನಾಲ್ಕು ಸಂಸ್ಥಾನಗಳನ್ನು ಗೆದ್ದುಕೊಂಡಿತು. ಆದರೂ ಟ್ರೂಮನ್ನರೇ ಗೆದ್ದರು. 1964ರಲ್ಲಿ ಜಾನ್ಸನ್ನರು ಪೌರಹಕ್ಕುಗಳ ಕಾಯಿದೆಗೆ ಸಹಿ ಹಾಕಿದರು. ಅದಕ್ಕೆ ವಿರೋಧವಾಗಿ ಮತಕೊಟ್ಟಿದ್ದ ಗೋಲ್ಡ್‌ವಾಟರರು ಅದೇ ವರ್ಷದ ಚುನಾವಣೆಯಲ್ಲಿ ದೇಶದಾದ್ಯಂತ ಸೋತರೂ, ತಮ್ಮ ಅರಿಜೋನವಲ್ಲದೆ ದಕ್ಷಿಣದ ಐದು ಸಂಸ್ಥಾನಗಳನ್ನು ಗೆದ್ದರು. ಮುಂದಿನ ವರ್ಷವೇ ಮತಾಧಿಕಾರದ ಕಾಯಿದೆ ಬಂದಿತು. ಅದಕ್ಕೆ ಮುಂಚೆ ಮಿಸಿಸಿಪ್ಪಿಯಲ್ಲಿ ಮತಕ್ಕೆ ಅರ್ಹರಾದ ಕೃಷ್ಣವರ್ಣೀಯರಲ್ಲಿ ನೂರಕ್ಕೆ ಏಳು ಮಂದಿಯ ಹೆಸರೂ ಪಟ್ಟಿಯಲ್ಲಿರಲಿಲ್ಲ. 1967ರ ವೇಳೆಗೆ ಸುಮಾರು ಅರುವತ್ತು ಮಂದಿಯ ಹೆಸರು ಸೇರಿತ್ತು. ಒಂದು ಕಾಯಿದೆ, ಎರಡು ವರ್ಷ! ಈ ಜನಕ್ಕೆ ರಾಜಕೀಯ ಪ್ರಜ್ಞೆಯಿಲ್ಲವೆಂದು ನೂರು ವರ್ಷ ಹೇಳುತ್ತ ಬಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಅಂದಿನಿಂದ ಇಂದಿನವರೆಗೆ ಡೆಮೊಕ್ರಾಟಿಕ್ ಪಕ್ಷದ ಯಾವ ಅಧ್ಯಕ್ಷ ಉಮೇದುವಾರನಿಗೂ ಶ್ವೇತವರ್ಣೀಯರ ಬಹುಮತ ದೊರೆತಿಲ್ಲ. ಕೃಷ್ಣವರ್ಣೀಯರ ಬಹುಮತ ಒಮ್ಮೆಯೂ ತಪ್ಪಿಲ್ಲ.

ಮೂರನೆಯ ಪ್ರಭಾವವು ಪಿಸುಮಾತಿನದು. 1968ರಲ್ಲಿ ಅಲಬಾಮದ ವ್ಯಾಲೇಸ್ ವರ್ಣಭೇದದ ಪಕ್ಷಪಾತಿಯಾಗಿಯೇ ಹೆಸರಾಗಿ, ಸ್ವತಂತ್ರವಾಗಿ ನಿಂತು ಐದು ಸಂಸ್ಥಾನಗಳನ್ನು ಗೆದ್ದನು. ಆದರೆ ಬಹಿರಂಗವಾಗಿ ಬಣ್ಣದ ಮಾತೆತ್ತಿ ದೇಶವನ್ನೆಲ್ಲ ಗೆಲ್ಲುವುದು ಇನ್ನು ಸಾಧ್ಯವಿಲ್ಲವೆಂದು ಜಾಣ ರಾಜಕಾರಣಿಗಳು ಅರಿತರು. ಆಮೇಲೆ ಶಾಂತಿ, ಶಿಸ್ತು, ಅಪರಾಧ, ಸರ್ಕಾರದ ಹಣದಿಂದ ಕುಳಿತುಣ್ಣುವವರು ಎಂಬ ಮಾತುಗಳು ಬಂದವು. ಇವು ಸ್ವತಃ ಕೆಟ್ಟ ಮಾತುಗಳಲ್ಲ. ಶಾಂತಿಯನ್ನು ಬಯಸುವ ಬಿಳಿಯನೆಲ್ಲ ವರ್ಣದ್ವೇಷಿಯೆಂದು ನಾವು ಹೇಳುವುದೂ ಇಲ್ಲ. ಆದರೆ 1988ರಲ್ಲಿ, ಸೆರೆಮನೆಯಿಂದ ರಜೆಯ ಮೇಲೆ ಹೊರಬಂದು ಘೋರಾಪರಾಧವೆಸಗಿದ ಒಬ್ಬ ಕೃಷ್ಣವರ್ಣೀಯ ಕೈದಿಯ ಭಾವಚಿತ್ರವನ್ನು ಡುಕಾಕಿಸರ ವಿರುದ್ಧದ ಜಾಹೀರಾತಿನಲ್ಲಿ ಮನೆಮನೆಗೂ ತೋರಿಸಿದಾಗ, ಅಲ್ಲಿ ಹೇಳದೆ ಹೇಳಿದ ಮಾತು ಏನೆಂಬುದು ಯಾರಿಗೂ ಮರೆಯಾಗಿರಲಿಲ್ಲ.

ಮತದಾರನೂ ಪಿಸುಮಾತಿನಲ್ಲಿ ನಿಪುಣನೇ. 1982ರಲ್ಲಿ ಲಾಸ್ ಏಂಜಲಿಸ್ ನಗರದ ಕೃಷ್ಣವರ್ಣೀಯ ಮೇಯರಾದ ಬ್ರಾಡ್ಲಿಯವರು ಕ್ಯಾಲಿಫೋರ್ನಿಯದ ಗವರ್ನರ್ ಪದವಿಗೆ ನಿಂತರು. ಗೆಲ್ಲುವರೆಂದು ಅಭಿಪ್ರಾಯ ಸಂಗ್ರಹಗಳು ಹೇಳಿದವು; ಸೋತರು. ಕೇಳಿದವರಿಗೆ ಒಂದು ಹೇಳಿ, ಪರದೆಯ ಮರೆಯಲ್ಲಿ ಇನ್ನೊಂದು ಮಾಡಿದವರಿದ್ದರೆಂದು ಅನೇಕರು ನಂಬಿದರು. ಆದುದರಿಂದ 2008ರಲ್ಲಿ ಬರಾಕ್ ಒಬಾಮರು ನಿಂತಾಗ ಎಲ್ಲರ ಎದೆಯಲ್ಲಿಯೂ ಇದೇ ಶಂಕೆ. ಆದದ್ದೇನು? ಮತ ಕೊಟ್ಟು ಹೊರಬಂದವರನ್ನು ವಿಚಾರಿಸಿದ ಲೆಕ್ಕದ ಪ್ರಕಾರ ಕೃಷ್ಣವರ್ಣೀಯರಲ್ಲಿ ನೂರಕ್ಕೆ 95 ಮಂದಿ ಅವರ ಪಕ್ಷ, ಅದು ನಿರೀಕ್ಷಿತವೇ. ಬಿಳಿಯರಲ್ಲಿ 43 ಮಂದಿ. ನಾಲ್ಕು ವರ್ಷ ಹಿಂದೆ ಅದೇ ಪಕ್ಷದ ಬಿಳಿಯ ಉಮೇದುವಾರರಾದ ಕೆರಿಯವರಿಗೆ ಬಂದದ್ದು 41! ವರ್ಣಭೇದ ಅಂದಿಗೇ ಸತ್ತಿತೆಂದು ಕೆಲವರು ಉತ್ತರಕ್ರಿಯೆಯನ್ನೂ ಮಾಡಿ ಮುಗಿಸಿದರು. ಅದು ದುಡುಕು. 2012ರಲ್ಲಿ ಒಬಾಮರು ಮರಳಿ ಗೆದ್ದರೂ ಬಿಳಿಯರಲ್ಲಿ ಅವರ ಪಾಲು 39ಕ್ಕೆ ಇಳಿದಿತ್ತು. 2016ರಲ್ಲಿ, ಅವರನ್ನು ಎರಡು ಸಲ ಗೆಲ್ಲಿಸಿದ್ದ ಇನ್ನೂರಕ್ಕೂ ಹೆಚ್ಚು ಕೌಂಟಿಗಳು ಟ್ರಂಪರ ಕಡೆಗೆ ತಿರುಗಿದವು. ಎರಡು ಸಲ ಕೃಷ್ಣವರ್ಣೀಯನನ್ನು ಆರಿಸಿದ ಊರನ್ನು ವರ್ಣದ್ವೇಷವೊಂದೇ ತಿರುಗಿಸಿತೆನ್ನುವುದು ಹೇಗೆ? ಮುಚ್ಚಿದ ಕಾರ್ಖಾನೆ, ವಲಸೆಗಾರರ ಬಗೆಗಿನ ಭಯ, ತಮ್ಮ ಸ್ಥಾನ ಕುಸಿಯಿತೆಂಬ ಕಹಿ, ಇವೆಲ್ಲ ಒಂದೇ ಮನಸ್ಸಿನಲ್ಲಿ ಹೆಣೆದುಕೊಂಡಿರುತ್ತವೆ. ಆ ಎಳೆಗಳನ್ನು ಬೇರ್ಪಡಿಸಿ ತೂಗುವ ತಕ್ಕಡಿಯನ್ನು ಯಾವ ಪಂಡಿತನೂ ಇನ್ನೂ ಮಾಡಿಲ್ಲ.

ಮತದಾರರನ್ನು ತಮ್ಮ ಮನೆಯ ಆಸ್ತಿಯೆಂದು ತಿಳಿದವರಿಗೆ 2024 ಇನ್ನೊಂದು ಪಾಠ ಕಲಿಸಿತು. ಟೆಕ್ಸಾಸ್ ಸಂಸ್ಥಾನದಲ್ಲಿ, ಮೆಕ್ಸಿಕೋ ಗಡಿಯ ನದಿಯ ದಂಡೆಯಲ್ಲಿ, ಸ್ಟಾರ್ ಎಂಬ ಕೌಂಟಿಯಿದೆ. ಅಲ್ಲಿನ ನಿವಾಸಿಗಳು ಹೆಚ್ಚುಕಡಿಮೆ ಎಲ್ಲರೂ ಸ್ಪ್ಯಾನಿಷ್ ನುಡಿಯ ಮೂಲದವರು. 2016ರಲ್ಲಿ ಅಲ್ಲಿ ನೂರಕ್ಕೆ 79 ಮತಗಳು ಡೆಮೊಕ್ರಾಟಿಕ್ ಪಕ್ಷಕ್ಕೆ ಬಿದ್ದಿದ್ದವು. ಎಂಟೇ ವರ್ಷಗಳಲ್ಲಿ, ವಲಸೆಗಾರರ ವಿರುದ್ಧ ಅತ್ಯಂತ ಕಠಿಣವಾಗಿ ಮಾತನಾಡಿದ ಟ್ರಂಪರು ಅದೇ ಕೌಂಟಿಯನ್ನು ಗೆದ್ದರು. ನೂರು ವರ್ಷಗಳಿಗೂ ಮೀರಿದ ಕಾಲದಲ್ಲಿ ರಿಪಬ್ಲಿಕನ್ ಅಧ್ಯಕ್ಷ ಉಮೇದುವಾರನಿಗೆ ಅಲ್ಲಿ ಅದೇ ಮೊದಲ ಜಯ. ಅಲ್ಲಿನ ಜನರಿಗೂ ಅಂಗಡಿಯ ಬೆಲೆ ಏರಿತ್ತು, ಗಡಿಯ ಗದ್ದಲ ಕಣ್ಣೆದುರಿಗಿತ್ತು. ನಿಮ್ಮ ಕುಲ ಇಂಥದು, ಆದುದರಿಂದ ನಿಮ್ಮ ಮತ ಇಂಥದು ಎಂದ ಲೆಕ್ಕಿಗರಿಗೆ ಅವರು ತಾವೂ ವಿಚಾರ ಮಾಡಬಲ್ಲೆವೆಂದು ಉತ್ತರಿಸಿದರು. ಆ ಉತ್ತರ ಸರಿಯೋ ತಪ್ಪೋ, ಉತ್ತರಿಸುವ ಹಕ್ಕು ಅವರದು.

ಈ ಕಥೆಯಲ್ಲಿ ನಮ್ಮವರಿಗೂ ಪಾತ್ರವುಂಟು. ಮಹಾಯುದ್ಧದಲ್ಲಿ ಅಮೆರಿಕೆಯ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಎಂಬವರು ಅಲ್ಲಿನ ಪೌರತ್ವವನ್ನು ಕೇಳಿದರು. ಪೌರತ್ವವು ಆಗ ಬಿಳಿಯರಿಗೂ ಆಫ್ರಿಕ ಮೂಲದವರಿಗೂ ಮಾತ್ರ ಮೀಸಲು. ತಾವು ಉಚ್ಚ ಕುಲದ ಶುದ್ಧ ಆರ್ಯರೆಂದೂ, ಆದುದರಿಂದ ಬಿಳಿಯರೆಂದೂ ಅವರು ವಾದ ಹೂಡಿದರು. 1923ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಜನಸಾಮಾನ್ಯರ ಕಣ್ಣಿಗೆ ನೀವು ಬಿಳಿಯರಲ್ಲವೆಂದು ಆ ವಾದವನ್ನು ತಳ್ಳಿಹಾಕಿತು. ಇಲ್ಲಿಂದ ಹೊತ್ತುಕೊಂಡು ಹೋದ ಕುಲದ ಹೆಮ್ಮೆ ಅಲ್ಲಿ ಕಾಸಿಗೂ ಬರಲಿಲ್ಲ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ; 1965ರ ಕಾಯಿದೆಯಿಂದ ವಲಸೆಯ ದಾರಿಯೂ ಅಗಲವಾಯಿತು. ಇಂದು ಅಲ್ಲಿ ನೆಲಸಿ ಮತ ಕೊಡುತ್ತಿರುವ ಕನ್ನಡಿಗರು, ಪೌರಹಕ್ಕಿಗಾಗಿ ಲಾಠಿಯ ಏಟು ತಿಂದ ಕೃಷ್ಣವರ್ಣೀಯರಿಗೆ ಎಷ್ಟು ಋಣಿಗಳೆಂಬುದನ್ನು ತಮ್ಮ ಮಕ್ಕಳಿಗೆ ಹೇಳಿಕೊಡಬೇಕೆಂದು ನಮ್ಮ ವಿನಂತಿ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರರನ್ನು 2022ರಲ್ಲಿ ಅಮೆರಿಕೆಯ ಪ್ರತಿನಿಧಿಸಭೆಗೆ ಆರಿಸಿ ಕಳಿಸಿದ ಕ್ಷೇತ್ರವು ಡೆಟ್ರಾಯಿಟ್ ನಗರದ್ದು. ಆ ನಗರದ ಬಹುಸಂಖ್ಯಾತರು ಕೃಷ್ಣವರ್ಣೀಯರು. ಮದರಾಸಿನ ಕಡೆಯ ತಾಯಿಗೂ ಜಮೈಕಾದ ತಂದೆಗೂ ಹುಟ್ಟಿದ ಕಮಲಾ ಹ್ಯಾರಿಸರು 2024ರಲ್ಲಿ ಅಧ್ಯಕ್ಷ ಪದವಿಗೆ ನಿಂತಾಗ, ಆಕೆ ಭಾರತೀಯಳೋ ಕರಿಯಳೋ ಎಂದು ಎದುರಾಳಿಯೇ ಸಭೆಯಲ್ಲಿ ಪ್ರಶ್ನೆಯೆತ್ತಿದರು. ಎರಡೂ ಏಕಾಗಬಾರದು?

ಇಷ್ಟನ್ನು ಬರೆಯುತ್ತಿರುವಾಗ ನಮಗೆ ಸಂಕೋಚವಿಲ್ಲದೆ ಇಲ್ಲ. ತನ್ನೆಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದೆಲೆಯ ನೊಣದತ್ತ ಬೆರಳು ತೋರಿದಂತೆ ಆಗಬಾರದು. ನಮ್ಮ ಚುನಾವಣೆಗಳಲ್ಲಿಯೂ ಉಮೇದುವಾರನ ಹೆಸರಿಗೆ ಮುಂಚೆ ಅವನ ಜಾತಿಯನ್ನು ವಿಚಾರಿಸುವವರು ನಾವೇ. ಕ್ಷೇತ್ರದಲ್ಲಿ ಯಾವ ಕುಲದವರು ಎಷ್ಟೆಂದು ಪತ್ರಿಕೆಗಳಲ್ಲಿ ಕೋಷ್ಟಕ ಹಾಕುವವರೂ ನಾವೇ. ಅಮೆರಿಕೆಯ ಅನುಭವದಿಂದ ನಾವು ಕಲಿಯತಕ್ಕದ್ದು ಇಷ್ಟು: ಪಟ್ಟಿಯ ಬಾಗಿಲನ್ನು ಎಲ್ಲರಿಗೂ ತೆರೆದಿಡುವುದು ರಾಜ್ಯದ ಹೊಣೆ, ಅಲ್ಲಿ ಒಬ್ಬನಿಗೆ ಅನ್ಯಾಯವಾದರೂ ಚುನಾವಣೆ ಚುನಾವಣೆಯಲ್ಲ. 2013ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1965ರ ಮತಾಧಿಕಾರ ಕಾಯಿದೆಯ ಮುಖ್ಯವಾದ ಕಾವಲನ್ನು ಸಡಿಲಿಸಿದುದನ್ನು ನೋಡಿದರೆ, ಒಮ್ಮೆ ತೆರೆದ ಬಾಗಿಲಿಗೂ ಕಾವಲು ತಪ್ಪದೆಂಬುದು ಸ್ಪಷ್ಟವಾಗುತ್ತದೆ. ಬಾಗಿಲು ದಾಟಿ ಒಳಗೆ ಹೋದ ಮೇಲೆ, ಪರದೆಯ ಹಿಂದೆ, ಮತದಾರನೊಡನೆ ಅವನ ಕುಲವೂ ಬಣ್ಣವೂ ಹಳೆಯ ಗಾಯಗಳೂ ನಿಂತಿರುತ್ತವೆ. ಅವುಗಳನ್ನು ಹೊರಗೆ ಕಳಿಸಲು ಯಾವ ಕಾಯಿದೆಗೂ ಶಕ್ತಿಯಿಲ್ಲ. ಆದರೆ ಮುದ್ರೆಯೊತ್ತುವ ಕೈ ಅವನದೇ.