ಮೂರನೇ ಮಂಚ, ನಾಲ್ಕನೇ ಮಂಚ

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 26 ವರ್ಷ ಸ್ಟಾಫ್ ನರ್ಸ್ ಆಗಿ ದುಡಿದವಳು ನಾನು. ಒಂದು ದಿನ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರನೇ ಮಂಚದವಳಿಗೆ ಮದುವೆಯಾಗಿ ಏಳು ವರ್ಷಕ್ಕೆ ನಿಂತ ಬಸಿರು ಎಂಟು ವಾರಕ್ಕೇ ಹೋಗಿತ್ತು. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ‘ನನ್ನ ಮಗೂನ ಎಲ್ಲಿಟ್ರಿ ಸಿಸ್ಟರ್?’ ಎಂದು ಕೇಳುತ್ತಲೇ ಇದ್ದಳು. ನಾಲ್ಕನೇ ಮಂಚದವಳಿಗೆ ಆಗಲೇ ಮೂರು ಮಕ್ಕಳು. ಅವಳದೂ ಎಂಟೇ ವಾರ. ‘ಮುಟ್ಟು ನಿಂತುಬಿಟ್ಟಿದೆ ಸಿಸ್ಟರ್, ತೆಗೆದುಬಿಡಿ’ ಅಂದಳು. ಎಂಟು ವಾರಕ್ಕೆ ಭ್ರೂಣ ಒಂದು ಅವರೆಕಾಳಿನಷ್ಟಿರುತ್ತದೆ. ಇಬ್ಬರದೂ ಅಷ್ಟೇ.

ಗರ್ಭ ಕಟ್ಟಿದ ಗಳಿಗೆಯಿಂದಲೇ ಅದು ಜೀವ ಎಂದು ನಂಬಿದವಳು ನಾನು. ಕ್ಯಾಥೊಲಿಕ್ ಚರ್ಚಿನ ಬೋಧನೆಯೂ ಅದೇ. ಇಸ್ಲಾಮಿನ ಹಲವು ವಿದ್ವಾಂಸರು ಆತ್ಮ ಬರುವುದು 120 ದಿನಕ್ಕೆ ಅನ್ನುತ್ತಾರೆ. ನನ್ನಜ್ಜಿ ಮಾತ್ರ ಹೊಟ್ಟೆಯೊಳಗೆ ಮಿಸುಕಿದ ಮೇಲೇ ‘ಕೂಸು’ ಅನ್ನುತ್ತಿದ್ದಳು. 1860ರ ದಂಡಸಂಹಿತೆಯ ಲೆಕ್ಕವೂ ಅಜ್ಜಿಯದೇ ಆಗಿತ್ತು: ಗರ್ಭ ತೆಗೆಸಿದರೆ 3 ವರ್ಷದವರೆಗೆ ಸಜೆ, ಮಿಸುಕಿದ ಮೇಲಾದರೆ 7 ವರ್ಷದವರೆಗೆ.

1971ರ ಗರ್ಭಪಾತ ಕಾಯ್ದೆ ಈ ಜಗಳಕ್ಕೇ ಹೋಗಲಿಲ್ಲ, ವಾರಗಳನ್ನು ಎಣಿಸಿತು. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಒಪ್ಪಿಗೆ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು ಮುಂತಾದವರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರದವರೆಗೂ ಆಗುತ್ತದೆ.

ಎಣಿಕೆ ಎಲ್ಲಿ ಸೋಲುತ್ತದೆ ಎಂಬುದು 2023ರ ಅಕ್ಟೋಬರಿನಲ್ಲಿ ಕಾಣಿಸಿತು. ಹೆರಿಗೆಯ ನಂತರದ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದ ಎರಡು ಮಕ್ಕಳ ತಾಯಿಯೊಬ್ಬಳು ಸುಪ್ರೀಂ ಕೋರ್ಟಿಗೆ ಹೋಗಿದ್ದಳು. ಆಕೆಗೆ 26 ವಾರ. ಮೊದಲು ಅನುಮತಿ ಕೊಟ್ಟಿದ್ದ ಪೀಠದಲ್ಲೇ ಎರಡು ದಿನದಲ್ಲಿ ಒಡಕು ಬಂತು. ನ್ಯಾಯಮೂರ್ತಿ ಹಿಮಾ ಕೊಹ್ಲಿ ಆ ಅನುಮತಿಯಿಂದ ಹಿಂದೆ ಸರಿದರು. ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರು ಆ ಹೆಣ್ಣಿನ ತೀರ್ಮಾನವನ್ನೇ ಗೌರವಿಸಬೇಕು ಎಂದರು. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು.

ಅಷ್ಟು ವಾರಕ್ಕೇ ಹುಟ್ಟಿ, ಉಸಿರಿಗಾಗಿ ಒದ್ದಾಡುವ ಕೂಸುಗಳನ್ನು ಈ ಅಂಗೈಯಲ್ಲಿ ಹಿಡಿದಿದ್ದೇನೆ. ಕೊಹ್ಲಿಯವರ ಸಂಕಟ ನನಗೆ ತಿಳಿಯುತ್ತದೆ. ಆದರೂ ನನ್ನ ಮನಸ್ಸು ನಾಗರತ್ನ ಅವರ ಕಡೆಗೇ ವಾಲುತ್ತದೆ. ನನ್ನ ನಂಬಿಕೆ ನನ್ನ ಬಸಿರಿಗೆ ಸರಿ. ಅದನ್ನು ಇನ್ನೊಬ್ಬಳ ಹೊಟ್ಟೆಯ ಮೇಲೆ ಹೇರಲು ನಾನು ಯಾರು?

ಅವತ್ತು ನಾಲ್ಕನೇ ಮಂಚದವಳ ಮುಂದೆ ಒಪ್ಪಿಗೆಯ ‘ಫಾರಂ ಸಿ’ ಇಟ್ಟೆ. ‘ನಮ್ಮೆಜಮಾನ್ರು ಊರಲ್ಲಿಲ್ಲ, ಅವರ ಸಹಿ?’ ಅಂದಳು. ಬೇರೆಡೆ ಅದನ್ನೇ ಕೇಳಿ ವಾಪಸು ಕಳಿಸಿದ್ದರಂತೆ. 18 ದಾಟಿದ ಹೆಣ್ಣಿಗೆ ಕಾಯ್ದೆ ಕೇಳುವುದು ಅವಳೊಬ್ಬಳ ಸಹಿ. ‘ನಿನ್ನದೇ ಸಾಕಮ್ಮ’ ಅಂದೆ. ಪೆನ್ನು ಒತ್ತಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಹಾಳೆಯ ಹಿಂಬದಿಗೂ ಅಚ್ಚು ಮೂಡಿತ್ತು.

ಅಲ್ಲಿಂದಾಚೆ ವಾರ್ಡಿಗೆ ಬಂದ ಯಾರ ಎದುರೂ ನಾನು ಮೊದಲು ‘ಮಗು’ ಅನ್ನಲಿಲ್ಲ. ಅವಳ ಬಾಯಲ್ಲಿ ಏನು ಬರುತ್ತದೋ ಕಾದು, ಅದೇ ಮಾತನ್ನು ನಾನೂ ಆಡುತ್ತಿದ್ದೆ.